ಇಂಟರ್‌ಲಾಕ್ ಮೇಲೆ ಕಾಲೆತ್ತದವನು

ಮಂಗಳೂರಿನಲ್ಲಿ ಒಂದು ಹಿಡಿ ಮಣ್ಣಿಗಾಗಿ ಬೀದಿ ಬೀದಿ ಅಲೆಯುವ ಕಾಲ ನನಗೆ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಇಡೀ ಊರೇ ಕೆಂಪು ಮಣ್ಣಿನ ಮೇಲೆ ಕೂತಿದೆ. ಮಳೆಗಾಲದಲ್ಲಿ ಬಿಳಿ ಬಟ್ಟೆ ಹಾಕಿಕೊಂಡು ಹೊರಗೆ ಹೋದರೆ ಸಂಜೆಗೆ ಅದರ ಬಣ್ಣ ಕೇಳುವುದೇ ಬೇಡ. ಆದರೂ ಕಳೆದ ಬೇಸಿಗೆಯಲ್ಲಿ, ಕೊಡಿಯಾಲ್‌ಬೈಲಿನ ಬಾಡಿಗೆ ಫ್ಲ್ಯಾಟಿಗೆ ಬಂದ ಮೇಲೆ, ಬೆಳಗ್ಗೆ ಚಾ ಕುಡಿಯುವ ಮೊದಲೇ ನಾಯಿಯ ಬೆಲ್ಟು ಹಿಡಿದು ನಾನು ಮಣ್ಣು ಹುಡುಕಲು ಹೊರಡುತ್ತಿದ್ದೆ. ನಮ್ಮ ನಾಯಿ ಗಟ್ಟಿ ನೆಲದ ಮೇಲೆ ಉಚ್ಚೆ ಹೊಯ್ಯುವುದಿಲ್ಲ ಎಂದು ಹಟ ಹಿಡಿದಿದ್ದ.

ಕೊಟ್ಟಾರದ ನಮ್ಮ ಹಳೆಯ ಮನೆಯನ್ನು ಬಿಲ್ಡರಿಗೆ ಕೊಟ್ಟಿದ್ದೆವು. ಮನೆ ಒಡೆದು ಅಲ್ಲಿ ಫ್ಲ್ಯಾಟು ಕಟ್ಟುವುದು, ಅದರಲ್ಲಿ ನಮಗೊಂದು ಪಾಲು, ಅದು ಏಳುವ ತನಕ ಬಾಡಿಗೆ ಮನೆ ಎಂದು ಮಾತು. ಹೊರಟು ಬಂದವರು ನಾನು, ನನ್ನ ಗಂಡ, ಅವರ ತಾಯಿ ಮತ್ತು ನಾಯಿ. ಗಂಡನ ತಾಯಿಯನ್ನು ನಮ್ಮ ತುಳು ರೂಢಿಯಂತೆ ನಾನು ಮಾಮಿ ಎನ್ನುತ್ತೇನೆ. ಮಾಮಿಗೆ ಬಂದ ದಿನವೇ ಫ್ಲ್ಯಾಟು ಹಿಡಿಸಲಿಲ್ಲ. ಅದನ್ನು ಅವರು ಮನೆ ಎನ್ನಲೂ ಇಲ್ಲ. ಲಾಡ್ಜಿನಲ್ಲಿ ತಂಗಿದವರ ಹಾಗೆ ‘ರೂಮು’ ಎನ್ನುತ್ತಿದ್ದರು. ರೂಮಿನ ನಲ್ಲಿ ಸರಿ ಇಲ್ಲ, ರೂಮಿಗೆ ಗಾಳಿ ಬರುವುದಿಲ್ಲ, ರೂಮಿನಲ್ಲಿ ಮೀನು ಕೊಯ್ಯಲು ಜಾಗ ಇಲ್ಲ. ಲಿಫ್ಟಿಗೆ ಹೆದರಿ ಅವರು ಒಮ್ಮೆಯೂ ಕೆಳಗೆ ಇಳಿದಿರಲಿಲ್ಲ. ನನ್ನ ಕತೆಯೂ ಹೆಚ್ಚು ಬೇರೆಯಲ್ಲ. ರಟ್ಟಿನ ಪೆಟ್ಟಿಗೆಗಳಿಂದ ಮಿಕ್ಸಿ ಮತ್ತು ನಾಲ್ಕು ಪಾತ್ರೆ ಬಿಟ್ಟು ಏನನ್ನೂ ಹೊರಗೆ ತೆಗೆದಿರಲಿಲ್ಲ. ಮನೆಯಲ್ಲೇ ಕೂತು ಪುಸ್ತಕಗಳ ಪ್ರೂಫ್ ತಿದ್ದುವುದು ನನ್ನ ಕೆಲಸ. ಅರ್ಧ ಪುಟ ಓದುವಷ್ಟರಲ್ಲಿ ಎದ್ದು, ಕಿಟಕಿಯ ತನಕ ಹೋಗಿ, ಮತ್ತೆ ಬಂದು ಕೂತು, ಓದಿದ್ದನ್ನೇ ಓದುತ್ತಿದ್ದೆ. ನಾಯಿಯೂ ನನ್ನ ಹಿಂದೆಯೇ ಕಿಟಕಿಗೆ ಬಂದು ನನ್ನ ಹಿಂದೆಯೇ ಮರಳುತ್ತಿದ್ದ. ಟೈಲ್ಸಿನ ಮೇಲೆ ಅವನ ಉಗುರಿನ ಟಕಟಕ ಸದ್ದು ಕೇಳಿ ಕೇಳಿ ನನಗೆ ತಲೆ ಕೆಡುತ್ತಿತ್ತು.

ಅವನು ಜಾತಿ ನಾಯಿಯೇನಲ್ಲ. ಕಂದು ಮೈ, ಒಂದು ಕಿವಿ ಮಡಚಿದ್ದು, ವಯಸ್ಸಾಗಿ ಮೂತಿ ಬೆಳ್ಳಗಾಗಿತ್ತು. ಮಾಮಿ ಅವನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. “ಆ ಜನ ಎಲ್ಲಿ ಹೋಯ್ತು?” ಎಂದು ಕೇಳುತ್ತಿದ್ದರು. ಆ ಜನ ಮತ್ತು ಮಾಮಿಯ ನಡುವೆ ಕೊಟ್ಟಾರದಲ್ಲಿ ಹಳೆಯ ಜಗಳ. ಅಲ್ಲಿನ ಸಿಮೆಂಟಿನ ಅಂಗಳದಲ್ಲಿ ಮಾಮಿ ಹಲಸಿನ ಹಪ್ಪಳ, ಪುನರ್ಪುಳಿಯ ಸಿಪ್ಪೆ, ಒಣಮೀನು ಎಂದು ಬೇಸಿಗೆಯಿಡೀ ಏನಾದರೊಂದು ಒಣಗಿಸುತ್ತಿದ್ದರು. ಮರಿಯಾಗಿದ್ದಾಗ ಅವನು ಅಂಗಳದಲ್ಲಿ ಕಾಲೆತ್ತಲು ನೋಡಿದರೆ ಗುಡಿಸುವ ಹಿಡಿಸೂಡಿ ನೆಲಕ್ಕೆ ಬಡಿದು ಓಡಿಸುತ್ತಿದ್ದರು. ಹೊಡೆದದ್ದಿಲ್ಲ, ಆದರೆ ಆ ಸದ್ದು ಸಾಕಿತ್ತು. ಅವನು ಅಂಗಳ ಬಿಟ್ಟ. ಬಿಟ್ಟವನು ಅಂಚಿನಲ್ಲಿ ಸಾಲಾಗಿ ಇಟ್ಟಿದ್ದ ಹೂವಿನ ಚಟ್ಟಿಗಳ ಕಡೆ ಹೋದ. ಅದರಲ್ಲೂ ಮಾಮಿ ತಮ್ಮ ತವರಿನಿಂದ ಗೆಲ್ಲು ತಂದು ನೆಟ್ಟಿದ್ದ ಮಲ್ಲಿಗೆಯ ಚಟ್ಟಿಯೇ ಅವನಿಗೆ ಬೇಕು. ದಿನಾ ಬೆಳಗ್ಗೆ ಮೊದಲ ಕೆಲಸ ಅದರ ಬುಡಕ್ಕೆ. ಎಲೆ ಹಳದಿಯಾಗುತ್ತದೆ, ಮೊಗ್ಗು ನಿಲ್ಲುವುದಿಲ್ಲ ಎಂದು ಮಾಮಿ ದಿನಾ ಬೈದರು, ಅವನು ದಿನಾ ಹೊಯ್ದ.

ಫ್ಲ್ಯಾಟಿಗೆ ಬರುವಾಗ ಮಾಮಿ ಉಳಿದ ಗಿಡಗಳನ್ನು ನೆರೆಯವರಿಗೆ ಕೊಟ್ಟು ಆ ಮಲ್ಲಿಗೆಯೊಂದನ್ನು ಮಾತ್ರ ತಂದರು. ಬಾಲ್ಕನಿಯ ಮೂಲೆಯಲ್ಲಿ ಎತ್ತರದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಟ್ಟು, “ಈಗ ಎತ್ತು ನೋಡುವ ಕಾಲು” ಎಂದು ಅವನಿಗೆ ಹೇಳಿದರು. ಅವನು ಕೆಳಗೆ ನಿಂತು ಮೂಗೆತ್ತಿ ಮೇಲೆ ನೋಡಿದ. ಆಮೇಲೆ ಎಷ್ಟೋ ಸಲ ಹಾಗೆ ನಿಲ್ಲುತ್ತಿದ್ದ. ಪಾಪ, ಹೊರಗಿನ ಗಾಳಿ ಬೇಕು ಅವನಿಗೆ ಎಂದುಕೊಳ್ಳುತ್ತಿದ್ದೆ.

ಮೊದಲ ದಿನ ಅವನು ಉಚ್ಚೆ ಹೊಯ್ಯಲಿಲ್ಲ. ಹೊಸ ಜಾಗ, ನಾಚಿಕೆ ಇರಬೇಕು ಎಂದೆವು. ಮರುದಿನವೂ ಇಲ್ಲ. ಫ್ಲ್ಯಾಟಿನ ಸುತ್ತ ಗೋಡೆಯಿಂದ ಗೋಡೆಗೆ ಸಿಮೆಂಟು ಇಟ್ಟಿಗೆ ಹೊಂದಿಸಿದ ಇಂಟರ್‌ಲಾಕ್. ಈ ಇಂಟರ್‌ಲಾಕ್ ಎಂಬುದನ್ನು ಕಂಡುಹಿಡಿದವರು ಯಾರೋ, ನನ್ನ ಶಾಪ ತಟ್ಟಿದ್ದರೆ ಅವರ ಮನೆ ಉದ್ಧಾರ ಆಗಿರಲಿಕ್ಕಿಲ್ಲ. ಗೇಟಿನ ಹೊರಗೆ ಕಾಂಕ್ರೀಟಿನ ರಸ್ತೆ, ರಸ್ತೆಯ ಬದಿಗೆ ಚರಂಡಿಯ ಚಪ್ಪಡಿ, ಚಪ್ಪಡಿ ಮುಗಿದಲ್ಲಿ ಯಾರದೋ ಅಂಗಡಿಯ ಟೈಲ್ಸು. ಮರಗಳಿವೆ, ಅವುಗಳ ಕುತ್ತಿಗೆಯವರೆಗೂ ಸಿಮೆಂಟು ಹಾಕಿದ್ದಾರೆ. ಟ್ರಾನ್ಸ್‌ಫಾರ್ಮರಿನ ಬಳಿ ಒಂದು ತುಂಡು ಮಣ್ಣು ಸಿಕ್ಕಿತು, ಅಲ್ಲಿ ನಾಲ್ಕು ಬೀದಿನಾಯಿಗಳ ಸಂಸಾರ. ನಮ್ಮವನು ಹತ್ತಿರ ಹೋಗುವ ಮೊದಲೇ ನಾಲ್ಕೂ ಒಟ್ಟಿಗೆ ಎದ್ದವು. ಕಾಲೇಜೊಂದರ ಮೈದಾನಕ್ಕೆ ಹೋದರೆ ಕಾವಲುಗಾರ ಗೇಟಿನಲ್ಲೇ ತಡೆದ. ಬೈಕುಗಳು ಹಾರ್ನು ಹೊಡೆದುಕೊಂಡು ಕಾಲ ಬಳಿಯೇ ನುಗ್ಗುತ್ತಿದ್ದವು. ಅವನು ಮೂಸುತ್ತಾ, ಸುತ್ತುತ್ತಾ, ಇನ್ನೇನು ಕಾಲೆತ್ತಿದ ಎನ್ನುವಾಗ ಇಳಿಸಿ ನನ್ನ ಮುಖ ನೋಡುತ್ತಿದ್ದ. ಆ ನೋಟ ನನಗೆ ಸಹಿಸಲಾಗುತ್ತಿರಲಿಲ್ಲ.

ಪ್ರಾಣಿಗಳ ಡಾಕ್ಟರ್ ಅವನ ಹೊಟ್ಟೆ ಒತ್ತಿ ನೋಡಿ, “ತುಂಬಿದೆ. ಇವತ್ತೂ ಹೋಗದಿದ್ದರೆ ಟ್ಯೂಬ್ ಹಾಕಬೇಕಾಗ್ತದೆ. ಆದರೆ ದಿನಾ ಟ್ಯೂಬ್ ಹಾಕ್ಲಿಕ್ಕೆ ಆಗ್ತದಾ? ಈ ವಯಸ್ಸಿನಲ್ಲಿ ಹೀಗೆ ತಡೆದು ತಡೆದು ಕಿಡ್ನಿಗೆ ಬಂದ್ರೆ ಮತ್ತೆ ನನ್ನ ಕೈಯಲ್ಲಿ ಎಂತದೂ ಇಲ್ಲ” ಅಂದರು.

ಅಲ್ಲಿಂದ ಸೀದಾ ಕಾರು ತೊಕ್ಕೊಟ್ಟಿಗೆ ಬಿಟ್ಟೆವು. ಅಲ್ಲಿ ನನ್ನ ಅತ್ತಿಗೆಯ ಮನೆ, ಅಂದರೆ ಗಂಡನ ಅಕ್ಕನದು. ಜಂಕ್ಷನ್ನಿನಿಂದ ಸ್ವಲ್ಪ ಒಳಗೆ, ಹಿತ್ತಿಲು ಇರುವ ಮನೆ. ಕಾರಿನ ಬಾಗಿಲು ತೆರೆದದ್ದೇ ತಡ, ಅವನು ಹಾರಿ ತೆಂಗಿನ ಬುಡಕ್ಕೆ ಓಡಿ ಕಾಲೆತ್ತಿದ. ಮುಗಿಯುವುದೇ ಇಲ್ಲ. ನಾನು, ಗಂಡ, ಅತ್ತಿಗೆ, ಮೂವರು ದೊಡ್ಡವರು ಕೈಕಟ್ಟಿ ನಿಂತು ಅದನ್ನೇ ನೋಡಿದೆವು. ನನ್ನ ಕಣ್ಣಲ್ಲಿ ನೀರು ಬಂತು ಎಂದರೆ ನೀವು ನಗಬಹುದು, ನಗಿ.

ಅಂದಿನಿಂದ ದಿನಾ ಸಂಜೆ ನಾಯಿಯನ್ನು ಕೂರಿಸಿಕೊಂಡು ನೇತ್ರಾವತಿ ಸೇತುವೆ ದಾಟುವುದೇ ಕೆಲಸವಾಯಿತು. ಸೇತುವೆಯ ಮೇಲೆ ಲಾರಿ, ಬಸ್ಸುಗಳ ಸಾಲಿನಲ್ಲಿ ಸಿಕ್ಕಿಬಿದ್ದಾಗ ಹಿಂದಿನ ಸೀಟಿನಿಂದ ಅವನು ಸಣ್ಣಗೆ ಕುಂಯಿಗುಡುತ್ತಿದ್ದ. ನಡುವೆ ಪೆಟ್ ಶಾಪಿನಿಂದ ಪ್ಲಾಸ್ಟಿಕ್ಕಿನ ಹುಲ್ಲಿನ ಚಾಪೆ ತಂದು ಹಾಸಿದೆವು. ಅವನು ಅದರ ಮೇಲೆ ಮಲಗಿ ಗೊರಕೆ ಹೊಡೆದ. ಅತ್ತಿಗೆಯ ಹಿತ್ತಿಲ ಮರಳನ್ನೇ ಟಬ್ಬಿನಲ್ಲಿ ತುಂಬಿ ತಂದು ಇಟ್ಟೆವು. ಮೂಸಿ ನೋಡಿ ಆ ಕಡೆ ತಿರುಗಿದ.

“ಮಾರಾಯ್ತಿ, ಹೀಗೆ ಎಷ್ಟು ದಿನ ಅಂತ ಓಡಾಡುದು? ಅಕ್ಕನ ಹತ್ರ ಬಿಡುವ. ಅಲ್ಲಿ ಜಾಗ ಉಂಟು, ಅವನಿಗೂ ಸುಖ” ಅಂದರು ಗಂಡ, ಒಂದು ಸಂಜೆ ಸೇತುವೆಯ ಮೇಲೇ.

ಸರಿಯಾದ ಮಾತೇ. ಅದಕ್ಕೇ ನನಗೆ ಸಿಟ್ಟು ಬಂತು. ಆದರೂ ಬಿಟ್ಟು ಬಂದೆ. ಫ್ಲ್ಯಾಟಿಗೆ ಬಂದರೆ ಟಕಟಕ ಸದ್ದಿಲ್ಲ. ಆ ಸದ್ದಿಗೆ ತಲೆ ಕೆಡುತ್ತದೆ ಎಂದಿದ್ದವಳು ಈಗ ಅದು ಇಲ್ಲದೆ ಕೂತಲ್ಲಿ ಕೂರಲಾರದೆ ಹೋದೆ. ಮಾಮಿ ಊಟಕ್ಕೆ ಕೂತವರು ಬೂತಾಯಿ ಮೀನಿನ ತಲೆಗಳನ್ನು ರೂಢಿಯಂತೆ ಅವನಿಗೆಂದು ಬಟ್ಟಲಿನ ಬದಿಗೆ ತೆಗೆದಿಟ್ಟು, ಆಮೇಲೆ ಅವನ್ನು ನೋಡಿ, ಎದ್ದು ಹೋದರು.

ಮರುದಿನ ಅತ್ತಿಗೆಯ ಫೋನು. “ಉಚ್ಚೆ, ಕಕ್ಕ ಎಲ್ಲ ಸರಿ ಉಂಟು. ಆದ್ರೆ ತಿನ್ನುದಿಲ್ಲ ಮಾರಾಯ್ತಿ. ಕುಚ್ಚಿಲಕ್ಕಿ ಅನ್ನಕ್ಕೆ ಮೀನು ಸಾರು ಹಾಕಿ ಕೊಟ್ಟೆ, ನೋಡ್ಲಿಕ್ಕೂ ಇಲ್ಲ. ಗೇಟಿನ ಹತ್ರ ಮಲಗಿದ್ದಾನೆ.” ಅದರ ಮರುದಿನವೂ ಅದೇ ಮಾತು. ವೀಡಿಯೊ ಕಳಿಸಿದರು. ಗೇಟಿನ ಸರಳಿಗೆ ಮೂತಿ ಒತ್ತಿಕೊಂಡು ಮಲಗಿದ್ದಾನೆ, ಹಿಂದೆ ತಟ್ಟೆಗೆ ಇರುವೆ ಹತ್ತಿದೆ. ಇಲ್ಲಿದ್ದರೆ ಊಟ ಉಂಟು, ಉಚ್ಚೆ ಇಲ್ಲ. ಅಲ್ಲಿದ್ದರೆ ಉಚ್ಚೆ ಉಂಟು, ಊಟ ಇಲ್ಲ. ಎಲ್ಲಿಟ್ಟರೂ ಅವನು ಉಳಿಯುವುದಿಲ್ಲ ಎಂಬ ಭಯ ನನ್ನನ್ನು ಹಿಡಿಯಿತು. ಡಾಕ್ಟರಿಗೆ ಫೋನು ಮಾಡಿದೆ. ಈ ಸೆಕೆಯಲ್ಲಿ ಮುದಿ ನಾಯಿ ಉಪವಾಸ ಇರಬಾರದು, ಮೊದಲು ಕರೆದುಕೊಂಡು ಬನ್ನಿ ಎಂದರು. ಹಳೆಯ ಮನೆಯಲ್ಲಿ ಅವನು ಹೋಗುತ್ತಿದ್ದ ಜಾಗದ ಮಣ್ಣೇ ತಂದು ಹಾಕಿ ನೋಡಿ, ಅವನಿಗೆ ಅವನದೇ ವಾಸನೆ ಬೇಕು ಎಂದೂ ಹೇಳಿದರು.

ಸಂಜೆ ಅವನನ್ನು ಕರೆತಂದೆವು. ಬಂದವನೇ ಒಂದು ಬಟ್ಟಲು ಅನ್ನ ಗಬಗಬ ತಿಂದು, ನೀರು ಕುಡಿದು, ಮತ್ತೆ ತಡೆದುಕೊಂಡು ಕೂತ. ಬೆಳಗ್ಗೆ ನಾನು ಬಕೆಟ್ಟು, ಕೈಗುದ್ದಲಿ ಹಿಡಿದು ಆಟೊ ಹತ್ತಿ ಕೊಟ್ಟಾರಕ್ಕೆ ಹೋದೆ.

ನಮ್ಮ ಗೇಟು ಇದ್ದಲ್ಲಿ ತಗಡಿನ ಶೀಟು. ಶೀಟಿನ ಸಂದಿನಿಂದ ಇಣುಕಿ ನೋಡಿದೆ. ಮನೆ ಒಡೆದದ್ದು ಗೊತ್ತಿತ್ತು, ಆದರೆ ಅಂಗಳವೂ ಇರಲಿಲ್ಲ, ಅಂಗಳದ ಕೆಳಗಿನ ಮಣ್ಣೂ ಇರಲಿಲ್ಲ. ಜೆಸಿಬಿ ಆಳಕ್ಕೆ ತೋಡಿ ಮುಗಿಸಿತ್ತು. ಕೆಳಗೆ ಕೆಂಪು ಮುರಕಲ್ಲು, ಅದರ ಮೇಲೆ ಒಂದಿಷ್ಟು ನೀರು. ಮಣ್ಣೆಲ್ಲ ಟಿಪ್ಪರಿನಲ್ಲಿ ಹೋಯಿತು, ಎಲ್ಲಿಗೆಂದು ಗೊತ್ತಿಲ್ಲ ಎಂದ ಅಲ್ಲಿದ್ದ ಸೂಪರ್‌ವೈಸರ್. ನನ್ನ ಕೈಯಲ್ಲಿದ್ದ ಬಕೆಟ್ಟು ನೋಡಿ ಅವನಿಗೆ ನನ್ನ ತಲೆಯ ಮೇಲೆ ಸಂಶಯ ಬಂದಿರಬೇಕು. ಹೆದ್ದಾರಿಯ ಬದಿಯಲ್ಲಿ ಖಾಲಿ ಬಕೆಟ್ಟು ಹಿಡಿದು ಆಟೊಗೆ ಕಾಯುವಾಗ ನನಗೆ ಎಲ್ಲರ ಮೇಲೂ ಸಿಟ್ಟು, ಸಹಿ ಹಾಕಿದ ನಮ್ಮ ಮೇಲೂ.

ಮಾಮಿ ಬಾಗಿಲು ತೆರೆದು ಬಕೆಟ್ಟಿನೊಳಗೆ ನೋಡಿದರು. “ದಾನೆ, ಸಿಕ್ಕಲಿಲ್ವಾ?”

“ಅಲ್ಲಿ ಎಂತದೂ ಇಲ್ಲ ಮಾಮಿ. ಬರೀ ಗುಂಡಿ. ಮಣ್ಣೇ ಇಲ್ಲ” ಎಂದೆ. ಅವನಿಗೆ ಅವನದೇ ವಾಸನೆ ಬೇಕು ಎಂದು ಡಾಕ್ಟರು ಹೇಳಿದ್ದನ್ನೂ ಹೇಳಿದೆ. ಖಾಲಿ ಬಕೆಟ್ಟನ್ನು ಬಾಗಿಲ ಬಳಿ ಇಟ್ಟೆ. “ಇವನಿಗೆ ಯಾಕೆ ಇಷ್ಟು ಹಟ?”

“ಹಟ ಅಲ್ಲ ಅದು” ಅಂದರು ಮಾಮಿ, ಸ್ವಲ್ಪ ಖಾರವಾಗಿಯೇ. “ಸಿಮೆಂಟಿನ ಮೇಲೆ ಮಾಡಬಾರದು ಅಂತ ಕಲಿಸಿದ್ದು ನಾನು. ಕಲಿಸಿದ್ದನ್ನು ಮರೀಲಿಲ್ಲ ಅದು.”

ಬಾಲ್ಕನಿಯಲ್ಲಿ ಅವನು ಎಂದಿನಂತೆ ಸ್ಟ್ಯಾಂಡಿನ ಕೆಳಗೆ ಮೂಗೆತ್ತಿ ನಿಂತಿದ್ದ. ಮಾಮಿ ಅವನನ್ನು ನೋಡಿದರು, ಚಟ್ಟಿಯನ್ನು ನೋಡಿದರು. ಅವನ ಕಾಟವಿಲ್ಲದೆ ಮಲ್ಲಿಗೆ ಚಿಗುರಿ, ಎಷ್ಟೋ ವರ್ಷದ ಮೇಲೆ ಗೆಲ್ಲು ಗೆಲ್ಲಿಗೂ ಮೊಗ್ಗು ಹಿಡಿದಿತ್ತು. ಕಾಳಿನಷ್ಟು ಸಣ್ಣ ಮೊಗ್ಗುಗಳು, ಕೊಯ್ಯಲು ಇನ್ನೂ ಎರಡು ಮೂರು ದಿನ ಬೇಕು. ದಿನಾ ಬೆಳಗ್ಗೆ ಕನ್ನಡಕ ಹಾಕಿಕೊಂಡು ಅವರು ಅವನ್ನು ನೋಡುತ್ತಿದ್ದದ್ದು ನನಗೆ ಗೊತ್ತಿತ್ತು. ದೇವರ ಫೋಟೊಗೆ ಹಾಕಲು ಈ ಊರಲ್ಲಿ ಹೂ ಸಿಗುವುದಿಲ್ಲವೇ, ಸಿಗುತ್ತದೆ. ಆದರೆ ಅದು ತವರಿನ ಗಿಡ.

“ಅದನ್ನು ಇಳಿಸು” ಅಂದರು.

ನನಗೆ ಆಗ ಹೊಳೆಯಿತು. ಕೊಟ್ಟಾರದ ಮಣ್ಣೂ ಅವನ ವಾಸನೆಯೂ ಇಷ್ಟು ದಿನ ಆ ಚಟ್ಟಿಯಲ್ಲೇ, ನಮ್ಮ ತಲೆಯ ಮೇಲೆಯೇ ಇದ್ದವು. ಇವರಿಗೆ ಮೊದಲೇ ಹೊಳೆದಿತ್ತೋ ಏನೋ, ನಾನು ಕೇಳಲಿಲ್ಲ.

“ಮಾಮಿ, ಮೊಗ್ಗು ಉಂಟಲ್ಲ.”

“ಇಳಿಸು ಅಂದೆ.”

ಚಟ್ಟಿಯನ್ನು ಎತ್ತಿಕೊಂಡು ಲಿಫ್ಟಿನ ಬಳಿ ಬಂದಾಗ ಹಿಂದೆಯೇ ಮಾಮಿ, ಅವರ ಕೈಯಲ್ಲಿ ನಾಯಿಯ ಬೆಲ್ಟು. ಲಿಫ್ಟು ಇಳಿಯುವಷ್ಟು ಹೊತ್ತೂ ಕಣ್ಣು ಮುಚ್ಚಿ, ಇನ್ನೊಂದು ಕೈಯಲ್ಲಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದರು. ಜನರೇಟರಿನ ಶೆಡ್ಡಿನ ಹಿಂದೆ, ಗೋಡೆಯ ಬದಿಗೆ, ಇಂಟರ್‌ಲಾಕಿನ ಮೇಲೆ ಚಟ್ಟಿ ಇಟ್ಟೆ. ವಾಚ್‌ಮನ್ ಬಂದು ಇಲ್ಲಿ ಎಂತ ಇಡುವುದೆಂದು ಕೇಳಿದ. “ಹೂವಿನ ಗಿಡ. ಚಂದಕ್ಕೆ” ಅಂದರು ಮಾಮಿ. ಅವನು ಆ ವಯಸ್ಸಿಗೆ ಎದುರಾಡದೆ ಹೋದ.

ನಾಯಿ ಚಟ್ಟಿಯ ಸುತ್ತ ಒಂದು ಸುತ್ತು ಬಂದ. ಕಾಲೆತ್ತಿದ. ಎತ್ತಿದ ಕಾಲನ್ನು ಇಳಿಸಿ ಮಾಮಿಯ ಮುಖ ನೋಡಿದ. ನನ್ನದಲ್ಲ, ಮಾಮಿಯದು. ಅವರ ಕೈಯಲ್ಲಿ ಹಿಡಿಸೂಡಿ ಇರಲಿಲ್ಲ. ಹೆಂಗಸರು ದಾರಿಬದಿಯಲ್ಲಿ ಉಚ್ಚೆಗೆ ನಿಂತ ಗಂಡಸಿನಿಂದ ಮುಖ ತಿರುಗಿಸುವ ಹಾಗೆ ಅವರು ಗೋಡೆಯ ಕಡೆ ತಿರುಗಿ, “ಮಾಡು ಮಗಾ, ಮಾಡು” ಅಂದರು.

ಮಲ್ಲಿಗೆಯ ಬುಡಕ್ಕೆ ಬಿದ್ದದ್ದು ಚಟ್ಟಿಯ ಹೊರಮೈಯಿಂದ ಇಳಿದು ಇಂಟರ್‌ಲಾಕಿನ ಸಂದುಗಳಲ್ಲಿ ಹರಿಯಿತು. ಮುಗಿದ ಮೇಲೆ ಅವನು ಮೈಕೊಡವಿ, ಬಾಲ ಅಲ್ಲಾಡಿಸಿ, ಮಾಮಿಯ ಸೀರೆಯ ನೆರಿಗೆಗೆ ಮೂತಿ ಉಜ್ಜಿದ. ಎಂದಿನಂತೆ ಛೀ ಎಂದು ಸರಿಯಲಿಲ್ಲ ಅವರು. ಬಗ್ಗಿ ಒಂದು ಗೆಲ್ಲನ್ನು ಬೆರಳಲ್ಲಿ ಎತ್ತಿ ಮೊಗ್ಗು ನೋಡಿ, ಹಾಗೆಯೇ ಬಿಟ್ಟರು.

ಆಮೇಲೆ ಬೆಲ್ಟನ್ನು ಕೈಗೆ ಸುತ್ತಿಕೊಂಡು ಲಿಫ್ಟಿನ ಕಡೆ ನಡೆಯುತ್ತಾ ಅವನಿಗೆ ಹೇಳಿದರು: “ಬಲ, ಬಾ, ಮನೆಗೆ ಹೋಗುವ.”