ಬೆಳಿಗ್ಗೆ ನುಂಗಿದ ಮಾತ್ರೆ

ಮೊದಲು ಕಂಡದ್ದು ಎಡ ಪಕ್ಕೆಯಲ್ಲಿ ಒಂದು ಸಾಲು ಗುಳ್ಳೆ. ಬೆನ್ನಿನಿಂದ ಹೊರಟು ಎದೆಯ ಕೆಳಗೆ ಬಂದು ನಿಂತಿತ್ತು. ಸರ್ಪಸುತ್ತು ಎಂದರು. ತಾಂಡವಪುರದ ನಮ್ಮ ಮನೆಯಲ್ಲಿ ಅತ್ತೆ ಕೆಮ್ಮಣ್ಣು ಅರೆದು ಹಚ್ಚಿದರು. ಮೂರು ವಾರಕ್ಕೆ ಗುಳ್ಳೆಗಳು ಒಣಗಿ ಉದುರಿದವು.

ಉರಿ ಉದುರಲಿಲ್ಲ.

ಕಾದ ಹೆಂಚನ್ನು ಪಕ್ಕೆಗೆ ಒತ್ತಿ ಹಿಡಿದ ಹಾಗೆ. ನಡುನಡುವೆ ಕರೆಂಟು ಹೊಡೆದ ಹಾಗೆ. ಅಂಗಿ ಸೋಕಿದರೂ ಸಾಕು, ಕಣ್ಣಲ್ಲಿ ನೀರು. ನಾನು ಇಪ್ಪತ್ತೆರಡು ವರ್ಷದಿಂದ ಸರ್ಕಾರಿ ಬಸ್ಸಿನ ಡ್ರೈವರ್. ಖಾಕಿ ಅಂಗಿ ಹಾಕದೆ ಡ್ಯೂಟಿ ಇಲ್ಲ. ಗೇರ್ ಬದಲಿಸಲು ಎಡಗೈ ಚಾಚಿದಾಗಲೆಲ್ಲ ಬಟ್ಟೆ ಪಕ್ಕೆಗೆ ಉಜ್ಜುತ್ತಿತ್ತು. ಹಲ್ಲು ಕಚ್ಚಿಕೊಂಡು ಎರಡು ತಿಂಗಳು ಬಸ್ಸು ಓಡಿಸಿದೆ. ಆಮೇಲೆ ಹೆಂಡತಿ ನಾಗರತ್ನ ಬಿಡಲಿಲ್ಲ, ನಂಜನಗೂಡಿನ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

"ಗುಳ್ಳೆ ವಾಸಿಯಾದ್ರೂ ಒಳಗೆ ನರಕ್ಕೆ ಪೆಟ್ಟು ಬಿದ್ದಿದೆ. ನರ್ವ್ ಪೇನ್ ಇದು, ತಿಂಗಳಾನುಗಟ್ಟಲೆ ಇರಬಹುದು" ಎಂದರು ಡಾಕ್ಟರಮ್ಮ. ಪ್ರಿಗ್ಯಾಬಲಿನ್ ಎಂಬ ಮಾತ್ರೆ ಬರೆದರು. "ರಾತ್ರಿ ಊಟ ಆದ್ಮೇಲೆ ಒಂದೇ. ಮಂಪರು ಬರುತ್ತೆ, ಗಾಡಿ ಓಡಿಸಬಾರದು. ಏನು ಕೆಲಸ ನಿಮ್ದು?"

"ಡಿಪೋಲಿ ಮೇಡಂ."

ಸುಳ್ಳಲ್ಲ. ನಿಜವೂ ಅಲ್ಲ. ನಾಗರತ್ನ ನನ್ನ ಮುಖ ನೋಡಿದಳು, ಬಾಯಿ ಬಿಡಲಿಲ್ಲ.

ಮಾತ್ರೆಯಿಂದ ನಿದ್ದೆ ಬಂತು. ಆದರೆ ಬೆಳಗಾದರೆ ಉರಿ ಮತ್ತೆ ಹಾಜರು. ಮೂರನೇ ವಾರ ಒಂದು ದಿನ ಡ್ಯೂಟಿಗೆ ಹೊರಡುವ ಮುಂಚೆ, ಯಾರಿಗೂ ಹೇಳದೆ, ಇನ್ನೊಂದು ನುಂಗಿದೆ. ಅವತ್ತು ನೋವು ಸ್ವಲ್ಪ ದೂರ ಸರಿದು ಕೂತ ಹಾಗಿತ್ತು. ಮಾರನೇ ದಿನ ಎರಡು ನುಂಗಿದೆ.

ನಂಜನಗೂಡಿನಿಂದ ಟಿ. ನರಸೀಪುರದ ಟ್ರಿಪ್. ಕಾಲೇಜಿನ ಹುಡುಗಿಯರೆಲ್ಲ ನಿಂತೇ ಬರುತ್ತಿದ್ದರು. ನಾಲೆಯ ಪಕ್ಕದ ರಸ್ತೆ ನೆನಪಿದೆ. ಕಬ್ಬಿನ ಟ್ರ್ಯಾಕ್ಟರೊಂದು ಎದುರಾಗಿ ಹೋದದ್ದು ನೆನಪಿದೆ. ಆಮೇಲಿನದು ನೆನಪಿಲ್ಲ.

"ಅಣ್ಣಾ, ನಾಲೆ!"

ಕೂಗಿದ್ದು ಕಂಡಕ್ಟರ್ ಮಹದೇವಮ್ಮ. ಕಾಲು ತನ್ನಷ್ಟಕ್ಕೆ ಬ್ರೇಕ್ ತುಳಿಯಿತು. ಮುಂದಿನ ಚಕ್ರ ಡಾಂಬರು ಬಿಟ್ಟು ಇಳಿದಿತ್ತು. ನೀರಿಗೆ ನಾಲ್ಕು ಮಾರು ಇತ್ತೋ ಇಲ್ಲವೋ. ಕಂಬಿಗೆ ಹಣೆ ಬಡಿದ ಒಬ್ಬ ಅಜ್ಜನಿಗೆ ರಕ್ತ ಸುರಿಯುತ್ತಿತ್ತು. ಅವರು ನನ್ನನ್ನು ಬೈಯಲಿಲ್ಲ. "ಏನಾಯ್ತಪ್ಪ ನಿಂಗೆ? ಉಸಾರಿಲ್ವಾ?" ಎಂದರು.

ಮಹದೇವಮ್ಮ ಕೈ ಚಾಚಿದಳು. "ಕೀ ಕೊಡಣ್ಣ. ನಿಂಗೇನಾಗದೆ ಅಂತ ನಾ ಕೇಳಕಿಲ್ಲ. ನಂಗೂ ಎರಡು ಮಕ್ಕಳವೆ."

ಕೊಟ್ಟೆ.

ಡಿಪೋದಲ್ಲಿ ಟೈರ್ ಜಾರಿತು ಎಂದು ಬರೆಯಬಹುದಿತ್ತು. ಪೆನ್ನು ಹಿಡಿದಾಗ ಆ ಅಜ್ಜನ ಹಣೆಯೇ ಕಣ್ಣ ಮುಂದೆ. ಇದ್ದದ್ದು ಇದ್ದ ಹಾಗೆ ಬರೆದುಕೊಟ್ಟೆ. ಸಸ್ಪೆಂಡ್ ಆದೆ.

ಮನೆಗೆ ಬಂದು ಉಳಿದ ಮಾತ್ರೆಗಳನ್ನೆಲ್ಲ ಬಚ್ಚಲಿಗೆ ಎಸೆದೆ. ಅದು ಎರಡನೇ ತಪ್ಪು ಎಂದು ಆಗ ಗೊತ್ತಿರಲಿಲ್ಲ. ಎರಡು ದಿನಕ್ಕೆ ಮೈಯೆಲ್ಲ ಬೆವರು, ವಾಕರಿಕೆ, ಕೈ ನಡುಕ. ನಿದ್ದೆಯೇ ಇಲ್ಲ. ಉರಿ ಮೊದಲಿಗಿಂತ ಜೋರು. ಹಗಲೆಲ್ಲ ಅಂಗಿಯಿಲ್ಲದೆ ಗೋಡೆಗೆ ಬಲ ಪಕ್ಕೆ ಆನಿಸಿ ಕೂತಿರುತ್ತಿದ್ದೆ. ಮಗಳು ಹತ್ತಿರ ಬಂದರೆ ದೂರ ಹೋಗು ಎನ್ನುತ್ತಿದ್ದೆ. ಮೈಯೂ ಹೋಯಿತು, ಸ್ಟೀರಿಂಗೂ ಹೋಯಿತು. ಅವೆರಡೂ ಇಲ್ಲದ ಮೇಲೆ ನಾನು ಎಂಬುದು ಏನು ಉಳಿದಿದೆ ಎಂದು ಹುಡುಕಿದರೆ ಪಕ್ಕೆಯ ಆ ಉರಿಯೊಂದೇ ಸಿಗುತ್ತಿತ್ತು. ನಾಲ್ಕನೇ ದಿನ ನಾಗರತ್ನಳಿಗೆ ಹೇಳಿದೆ: "ಸತ್ತೋದ್ರೆ ಇದು ನಿಲ್ತದಲ್ಲ."

ಅವಳು ಒಲೆ ಆರಿಸಿದಳು. ಮನೆಯಲ್ಲಿದ್ದ ಮಾತ್ರೆ, ಸಿರಪ್ಪುಗಳನ್ನೆಲ್ಲ ಒಂದು ಕವರಿಗೆ ತುಂಬಿದಳು. ಆಟೋ ಕರೆಸಿದಳು.

ಡಾಕ್ಟರ ಮುಂದೆ ಕವರನ್ನು ಸುರಿದು ಅವಳೇ ಎಲ್ಲ ಹೇಳಿದಳು. "ಇವ್ರು ಬಸ್ ಡ್ರೈವರ್ರು ಮೇಡಂ. ಅವತ್ತು ನಾನೂ ಸುಮ್ನಿದ್ದೆ. ಈಗ ಸಾಯೋ ಮಾತಾಡ್ತಾವ್ರೆ."

ಡಾಕ್ಟರು ಪೆನ್ನು ಕೆಳಗಿಟ್ಟು ಸಾಯುವ ಯೋಚನೆಯ ಬಗ್ಗೆಯೇ ಮೊದಲು ಕೇಳಿದರು, ಬಹಳ ಹೊತ್ತು. ಆಮೇಲೆ ಮಾತ್ರೆಯ ವಿಷಯ. "ಹೆಚ್ಚು ತಗೊಂಡಿದ್ದೂ ತಪ್ಪು, ಒಂದೇ ಸಲ ಬಿಟ್ಟಿದ್ದೂ ತಪ್ಪು. ಬಿಡೋದಾದ್ರೆ ಸ್ವಲ್ಪ ಸ್ವಲ್ಪ ಇಳಿಸಿ ಬಿಡಬೇಕು." ಕಿಡ್ನಿಯ ಟೆಸ್ಟ್ ಮಾಡಿಸಿದರು. ಕವರಿನಲ್ಲಿದ್ದ, ನಾನು ನೆಗಡಿಗೆ ಕುಡಿಯುತ್ತಿದ್ದ ಸಿರಪ್ಪನ್ನು ಬೇರೆ ಇಟ್ಟರು. ಅದೂ ಮಂಪರಿನದೇ ಅಂತೆ. ಮತ್ತೆ ರಾತ್ರಿ ಒಂದೇ ಮಾತ್ರೆ, ತಮ್ಮನ್ನು ಕೇಳದೆ ಹೆಚ್ಚಿಸುವಂತಿಲ್ಲ ಎಂದರು. ವಾರಕ್ಕೊಮ್ಮೆ ಬಂದು ತೋರಿಸಬೇಕು.

"ಮತ್ತೆ ಬಸ್ಸು ಓಡಿಸ್ತೀನಾ ಮೇಡಂ?"

"ಈಗ ಏನೂ ಹೇಳಕ್ಕಾಗಲ್ಲ."

ಐದು ತಿಂಗಳಾಯಿತು. ಮಾತ್ರೆಯ ಡಬ್ಬಿ ನಾಗರತ್ನಳ ಹತ್ತಿರ ಇರುತ್ತದೆ. ಡಾಕ್ಟರ ಪತ್ರ ನೋಡಿ ಡಿಪೋದವರು ಸಸ್ಪೆನ್ಷನ್ ತೆಗೆದು, ಬಸ್ಸುಗಳ ವಿಷಯ ಕೂಗಿ ಹೇಳಲು ನನ್ನನ್ನು ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂರಿಸಿದ್ದಾರೆ. ನೋವು ಹೋಗಿಲ್ಲ. ಹೋಗುತ್ತದೆ ಎಂದು ಯಾರೂ ಹೇಳುತ್ತಿಲ್ಲ. ಕೆಲವು ದಿನ ಬೆಳಿಗ್ಗೆ ಎದ್ದೇಳಲು ಕಾರಣವೇ ಸಿಗುವುದಿಲ್ಲ.

ಕಳೆದ ಸೋಮವಾರ ಸ್ಟ್ಯಾಂಡು ತುಂಬಿತ್ತು. ದೇವನೂರಿನ ಬಸ್ಸು ತಡ, ನರಸೀಪುರದ ಬಸ್ಸು ಪ್ಲಾಟ್‌ಫಾರ್ಮ್ ಬದಲು. ಜನ ನನ್ನ ಕೋಣೆಯ ಕಿಟಕಿಗೆ ಮುತ್ತಿಕೊಂಡಿದ್ದರು. ಒಬ್ಬೊಬ್ಬರಿಗೂ ಹೇಳಿ ಕಳಿಸಿ, ಎಲ್ಲ ಖಾಲಿಯಾದ ಮೇಲೆ ನೀರು ಕುಡಿಯಲು ಬಾಟಲಿ ಎತ್ತಿದೆ. ಆಗ ಅಂಗಿ ಪಕ್ಕೆಗೆ ತಾಗಿ ಉರಿ ನೆನಪಾಯಿತು.

ಅರ್ಧ ಗಂಟೆ ಅದನ್ನು ಮರೆತಿದ್ದೆ.

ಮನೆಗೆ ಹೋಗಿ ನಾಗರತ್ನಳಿಗೆ ಇಷ್ಟನ್ನೇ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿ, "ಅರ್ಧ ಗಂಟೆನಾ?" ಎಂದು ಇನ್ನೊಮ್ಮೆ ಕೇಳಿದಳು.