ತುಕ್ಕು ಮತ್ತೆ ಹಾಡಿದ ಸಂಜೆ

ಕುಂಬಾರಕೊಪ್ಪಲಿನ ನೀಲಮ್ಮ ಇಪ್ಪತ್ತೆರಡು ವರ್ಷದಿಂದ ಸಿಟಿ ಬಸ್ಸಿನ ಕಂಡಕ್ಟರ್. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲೂ ಹಿಂದಿನಿಂದ ಮುಂದಕ್ಕೆ ನುಸುಳಿ ಟಿಕೆಟ್ ಕೊಡುವವಳು. ಆದರೆ ಆ ಭಾನುವಾರ ಸಂಜೆ ಮೈದಾನದ ಗೇಟಿನಲ್ಲಿ ನಿಂತಾಗ ಒಳಗೆ ನುಗ್ಗುವ ಜನರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.

ಒಳಗೆ ‘ತುಕ್ಕು’ ಹಾಡಲಿತ್ತು. ಪಾಲಿಟೆಕ್ನಿಕ್ಕಿನ ನಾಲ್ಕು ಹುಡುಗರು ಒಂದು ಕಾಲದಲ್ಲಿ ಕಟ್ಟಿದ ಪಂಕ್ ತಂಡ. ರಾಗ ಗೀಗ ಎನ್ನದೆ, ನಲ್ಲಿಯಲ್ಲಿ ನೀರು ಬಾರದ್ದನ್ನೂ ಹಾಲ್ ಟಿಕೆಟ್ ಕೊಡದ ಕಾಲೇಜನ್ನೂ ಗಂಟಲು ಹರಿಯುವಂತೆ ಕೂಗುತ್ತಿದ್ದರು. ಲಷ್ಕರ್ ಮೊಹಲ್ಲಾದ ಆಗಿನ ಮನೆಯಲ್ಲಿ ಅಪ್ಪನೆದುರು ದನಿ ಎತ್ತಿ ಗೊತ್ತಿಲ್ಲದ ನೀಲಮ್ಮನಿಗೆ ಆ ಕೂಗು ತನ್ನದೇ ಅನ್ನಿಸುತ್ತಿತ್ತು.

ಕೊನೆಯ ಸಲ ಅವರನ್ನು ನೋಡಿದ್ದು ಇಪ್ಪತ್ತೇಳು ವರ್ಷದ ಹಿಂದೆ, ಒಂದು ಇಕ್ಕಟ್ಟಾದ ಸಭಾಂಗಣದಲ್ಲಿ. “ಮುಂದೆ ನಿಂತ್ರೇನೆ ಮಜಾ, ಬಾರೇ” ಎಂದು ಗೆಳತಿ ಬಿಂದುಶ್ರೀಯನ್ನು ಎಳೆದುಕೊಂಡು ಹೋದವಳು ಇವಳೇ. ಜನ ನುಗ್ಗಿದರು. ಬಿಂದುಶ್ರೀ ಕೆಳಗೆ ಬಿದ್ದಳು. ಹಾಡುಗಾರ ಮಹದೇವ ಇವರ ಕಡೆಗೇ ನೋಡುತ್ತಿದ್ದ, ಆದರೂ ಹಾಡು ನಿಲ್ಲಿಸಲಿಲ್ಲ. ಬಿಂದುಶ್ರೀಯ ಬಲಗಾಲು ಎರಡು ಕಡೆ ಮುರಿಯಿತು. ಇಂದಿಗೂ ಕಾಲೆಳೆದೇ ನಡೆಯುತ್ತಾಳೆ. ಸ್ವಲ್ಪ ದಿನಕ್ಕೆ ತಂಡವೂ ಒಡೆಯಿತು. ನೀಲಮ್ಮ ಅವರ ಕ್ಯಾಸೆಟ್ಟನ್ನು ಬಿಸಾಡಲೂ ಇಲ್ಲ, ಬಿಂದುಶ್ರೀಯ ಎದುರು ಒಂದು ದಿನ ಹಾಕಲೂ ಇಲ್ಲ.

ತಂಡ ಮತ್ತೆ ಒಂದಾಗಿ ಹಾಡುತ್ತದೆಂದು ತಿಳಿದು ಈ ಸಲ ಕರೆದವಳು ಬಿಂದುಶ್ರೀ.

“ಹಿಂದೆ ಕುರ್ಚಿ ಹಾಕವ್ರೆ, ಅಲ್ಲೇ ಕೂರಣ” ಎಂದಳು ನೀಲಮ್ಮ.

“ಕೂತ್ಕೊಂಡು ಕೇಳಕ್ಕೆ ಇದೇನು ಸುಗಮ ಸಂಗೀತಾನಾ? ನಡಿಯೇ ಮುಂದಕ್ಕೆ.”

ಮಹದೇವನ ತಲೆ ಬೋಳಾಗಿತ್ತು, ಹೊಟ್ಟೆ ಬಂದಿತ್ತು. ಬಾಯಿ ತೆರೆದರೆ ಮಾತ್ರ ಅದೇ ಗಂಟಲು. ಮೊದಲ ಎರಡು ಹಾಡು ನೀಲಮ್ಮನ ಕಿವಿಗೆ ಬೀಳಲೇ ಇಲ್ಲ. ಅವಳು ನೋಡುತ್ತಿದ್ದದ್ದು ಗೆಳತಿಯ ಕಾಲನ್ನು, ಹಿಂದಿನಿಂದ ಒತ್ತುತ್ತಿದ್ದ ಹೆಗಲುಗಳನ್ನು. ಮೂರನೆಯ ಹಾಡಿಗೆ ಇಡೀ ಗುಂಪು ಒಮ್ಮೆಲೇ ಮುಂದಕ್ಕೆ ವಾಲಿತು. ವೇದಿಕೆಯ ಮುಂದಿನ ಅಡ್ಡಗಂಬಿ ನೀಲಮ್ಮನ ಪಕ್ಕೆಗೆ ಒತ್ತಿ ಉಸಿರು ಕಟ್ಟಿತು. ಬಿಂದುಶ್ರೀ ಎರಡೂ ಕೈಯಲ್ಲಿ ಕಂಬಿ ಹಿಡಿದು ನಿಂತಿದ್ದಳು. ಅವಳ ಆಚೆ ಕುಣಿಯುತ್ತಿದ್ದ ಕಾಲೇಜು ಹುಡುಗಿಯೊಬ್ಬಳ ತಲೆ ಇದ್ದಕ್ಕಿದ್ದಂತೆ ಕಾಣದಾಯಿತು.

ನೀಲಮ್ಮ ವೇದಿಕೆಯತ್ತ ನೋಡಿದಳು. ಮಹದೇವ ನೇರವಾಗಿ ಇವರನ್ನೇ ನೋಡುತ್ತಾ ಹಾಡುತ್ತಿದ್ದ. ಅವತ್ತಿನ ಹಾಗೇ, ನೋಡಿಯೂ ನಿಲ್ಲಿಸುತ್ತಿಲ್ಲ.

“ಹೋಲ್ಡಾನ್!”

ಬಸ್ ನಿಲ್ಲಿಸುವ ದನಿ ಅದು. ಇನ್ನೊಮ್ಮೆ, ಮತ್ತೊಮ್ಮೆ ಕೂಗಿದಳು. ಡ್ರಮ್ ಬಾರಿಸುವವನ ಕೈ ತಟಕ್ಕನೆ ನಿಂತಿತು. ಗಿಟಾರುಗಳು ಒಂದರ ಹಿಂದೊಂದು ಸುಮ್ಮನಾದವು.

“ಯಾರ್ರೀ ಅದು? ಏನಾಯ್ತು?” ಮಹದೇವ ಹಣೆಗೆ ಕೈ ಅಡ್ಡ ಹಿಡಿದು ಕಣ್ಣಲ್ಲೇ ತಡಕಾಡಿದ. “ಈ ಲೈಟು ಕಣ್ಣಿಗೇ ಹೊಡೀತಿದೆ, ನಂಗೇನೂ ಕಾಣ್ತಿಲ್ಲ. ಆರಿಸ್ರೀ ಮೊದ್ಲು. ಎಲ್ರೂ ಎರಡೆಜ್ಜೆ ಹಿಂದಕ್ಕೋಗಿ.”

ದೀಪಗಳು ಆರಿದವು, ಗುಂಪು ಸಡಿಲವಾಯಿತು. ನೀಲಮ್ಮ ಬಗ್ಗಿ ಹುಡುಗಿಯ ರಟ್ಟೆ ಹಿಡಿದು ಎತ್ತಿದಳು. ಮೊಣಕೈ ತರಚಿತ್ತು, ಅಷ್ಟೇ. ನೀರು ಕುಡಿದು, “ಥ್ಯಾಂಕ್ಸ್ ಆಂಟಿ” ಎಂದು ಅವಳು ಗೆಳತಿಯರ ಜೊತೆ ಹಿಂದಕ್ಕೆ ಹೋದಳು.

ನೀಲಮ್ಮ ಕಂಬಿಯ ಬಳಿಗೆ ಗೆಳತಿಯ ಪಕ್ಕಕ್ಕೆ ಬಂದಳು. “ಅವನಿಗೆ ಕಾಣ್ತಾನೇ ಇರ್ಲಿಲ್ಲ ಕಣೇ. ಅವತ್ತೂ ಕಾಣ್ಸಿಲ್ಲ ಅನ್ಸುತ್ತೆ.”

“ಅವನ್ನ ನಾನ್ಯಾವತ್ತು ಬೈದಿದ್ದೀನಿ?” ಎಂದಳು ಬಿಂದುಶ್ರೀ. “ನೀನು ನನ್ ಜೊತೆ ಗಾಜಿನ ಲೋಟ ಹಿಡ್ಕೊಂಡಂಗೆ ಮಾತಾಡ್ತೀಯಲ್ಲ, ಅದೇ ನಂಗೆ ಬೇಜಾರು.”

“ಎಳ್ಕೊಂಡು ಹೋಗಿದ್ದು ನಾನೇ ಅಲ್ವಾ?”

“ಎಳೆದಿದ್ದು ನೀನೇ. ಬಂದಿದ್ದು ನಾನು ತಾನೆ? ಬುಡು ಅದನ್ನ.”

ವೇದಿಕೆಯ ಮೇಲೆ ಡ್ರಮ್ಮಿನವನು ಕಡ್ಡಿಗಳನ್ನು ತಟ್ಟಿ ನಾಲ್ಕು ಎಣಿಸಿದ. ಉಳಿದ ಹಾಡುಗಳನ್ನು ಅವರು ಬರೀ ಸಂಜೆ ಬೆಳಕಿನಲ್ಲೇ ಹಾಡಿದರು. ಬಿಂದುಶ್ರೀ ಜೊತೆಗೇ ಕೂಗಿ ಹಾಡಿದಳು, ಅವಳಿಗೆ ಎಲ್ಲ ಸಾಲುಗಳೂ ಬಾಯಿಪಾಠವಾಗಿದ್ದವು. ಅದು ನೀಲಮ್ಮನಿಗೆ ಗೊತ್ತಾದದ್ದು ಆಗಲೇ.