ವಾಣಿಯ ಕತ್ತಿಗೊಗ್ಗಿದ ಸೈಕಲ್

“ಅತ್ತೆ, ಮಗ್ಗದ ಹತ್ರ ನಿಂತ್ರೆ ನನ್ ಕಣ್ಣು ಬಟ್ಟೆ ಮೇಲೇ ಇರ್ಬೇಕು. ಎಳೆ ಕಿತ್ತೋಯ್ತೇನೋ ಅಂತ ಬಗ್ಗಿ ಬಗ್ಗಿ ನೋಡಿ ಈ ಕತ್ತು ಹಿಡ್ಕೊಂಡು ವರ್ಷಗಳೇ ಆದ್ವು. ಮಲಗಿದ್ರೆ ಮಗ್ಗುಲಾಗೋಕೂ ಕೈಯಲ್ಲಿ ತಲೆ ಹಿಡ್ಕೊಂಡೇ ತಿರುಗ್ಬೇಕು. ಸೈಕಲ್ ತುಳಿಯಮ್ಮ, ಒಳ್ಳೇದು, ಕತ್ತುನೋವು ಜಾಸ್ತಿ ಆದ್ರೆ ಮಾತ್ರ ಬಿಟ್ಬಿಡು ಅಂದವ್ರೆ ಡಾಕ್ಟ್ರು. ಭಾನುವಾರ ಆ ಹೆಂಗಸ್ರು ರೇಸ್ ಸೈಕಲ್‌ನಲ್ಲಿ ನಮ್ ಬೀದೀಲೇ ಸುಂಯ್ ಅಂತ ಹೋಗ್ತಾರಲ್ಲ, ಅವ್ರ ಜೊತೆ ಇಲ್ಲೇ ಪಕ್ಕದ ಮಧುರೆ ತನಕನಾದ್ರೂ ಹೋಗ್ಬೇಕು ನಾನು. ಈ ಕತ್ತಿಗೆ ಒಗ್ಗೋ ಸೈಕಲ್ ಸಿಕ್ರೆ ಸರಿ. ಸಿಗ್ಲಿಲ್ವಾ, ಇನ್ನು ಆ ಆಸೆ ಎತ್ತಲ್ಲ.”

ಹೀಗಂದವಳು ನನ್ನ ಸೊಸೆ ವಾಣಿ. ದೊಡ್ಡಬಳ್ಳಾಪುರದ ನಮ್ಮ ಮನೆಯ ಪವರ್‌ಲೂಮ್‌ಗಳನ್ನು ನಡೆಸುವವಳು ಅವಳೇ. ನಾನು ಕೂತು ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆ ಸುತ್ತಿ ಕೊಡುತ್ತೇನೆ.

“ಆ ಸೈಕಲ್ ಮೇಲೆ ಕೂತ್ರೆ ಕೊಕ್ಕರೆ ಥರ ಕಾಣ್ತೀಯ ಕಣೇ,” ಎಂದ ಅವಳ ಗಂಡ, ನನ್ನ ಮಗ ಮುರಳಿ.

“ಕೊಕ್ಕರೆಗೆ ಕತ್ತುನೋವಿಲ್ಲ, ಪುಣ್ಯ ಮಾಡೈತೆ,” ಎಂದು ಹೊರಟೇಬಿಟ್ಟಳು. ನಾನೂ ಹಿಂದೆ ಹೋದೆ.

ಸೈಕಲ್ ಅಂಗಡಿಯಲ್ಲಿ ಅವಳ ಕಣ್ಣು ಬಿದ್ದದ್ದು ಒಂದು ಕೆಂಪು ಸೈಕಲ್ ಮೇಲೆ. ಹ್ಯಾಂಡಲ್ ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿತ್ತು. ಅಂಗಡಿಯ ಮುನಿಕೃಷ್ಣ ಸೈಕಲನ್ನು ಹಿಂದಿನಿಂದ ಹಿಡಿದುಕೊಂಡ. ಹತ್ತಿ ಕೂತವಳೇ, “ನೋವೇ ಇಲ್ಲ ಅತ್ತೆ, ಇದೇ ಆಗ್ಲಿ!” ಎಂದಳು.

“ಅಕ್ಕಾ, ಚಕ್ರ ನೋಡ್ಕೊಂಡು ಓಡ್ಸಕಾಗಲ್ಲ. ಎದುರಿಗೆ ಬಸ್ ಬರ್ತದೆ, ರಸ್ತೆ ನೋಡಿ,” ಎಂದ ಮುನಿಕೃಷ್ಣ.

ಹೌದು, ಬಟ್ಟೆ ನೋಡುವ ಅಭ್ಯಾಸದಲ್ಲಿ ಅವಳು ಕೆಳಗೇ ನೋಡುತ್ತಿದ್ದಳು. ತಲೆ ಎತ್ತಿದ್ದೇ ತಡ, “ಅಯ್ಯಪ್ಪಾ!” ಎಂದು ಕತ್ತು ಹಿಡಿದುಕೊಂಡಳು. ಇಳಿದವಳ ಮುಖ ಬಾಡಿಹೋಯಿತು.

ಆತ ಇನ್ನೊಂದು ತಂದ. ಹ್ಯಾಂಡಲ್ ಬಾಗಿದ್ದೇ, ಆದರೆ ಎತ್ತರದಲ್ಲಿ, ಮೈಗೆ ಹತ್ತಿರವಾಗಿತ್ತು; ಟೈರೂ ದಪ್ಪ. “ಇದ್ರಲ್ಲಿ ಬೆನ್ನು ಅಷ್ಟು ಬಗ್ಗಲ್ಲ ಅಕ್ಕಾ. ಬೆನ್ನು ಬಗ್ಗದಿದ್ರೆ ಕತ್ತೂ ಅಷ್ಟು ಎತ್ಬೇಕಾಗಿಲ್ಲ.”

ಈ ಸಲ ವಾಣಿ ಆತುರಪಡಲಿಲ್ಲ. “ಮಗ್ಗಕ್ಕೆ ಹೊಸ ನೂಲಿನ ಹಾಸು ಏರ್ಸಿದ್ರೆ ಗೇಣುದ್ದ ನೇಯ್ದು ನೋಡ್ದೆ ಒಪ್ತೀವಾ? ಕೆರೆ ಏರಿ ತನಕ ಹೋಗ್ಬರ್ತೀನಿ.”

“ನೇಯೋರ ಹತ್ರ ವ್ಯಾಪಾರ ಕಷ್ಟ ಕಣಮ್ಮಾ,” ಎಂದು ನನ್ನ ಕಡೆ ನೋಡಿ ನಕ್ಕು, ಹೆಲ್ಮೆಟ್ ಕೊಟ್ಟ.

ಹೋದಳು. ಮೊದಲು ಅತ್ತಿತ್ತ ವಾಲಾಡಿತು, ಆಮೇಲೆ ನೆಟ್ಟಗಾಯಿತು. ನಾನು ಮೆಟ್ಟಿಲ ಮೇಲೆ ಕೂತು ಕಾದೆ. ಮದುವೆಯಾಗಿ ಬಂದಾಗಿನಿಂದ ಮಗ್ಗದ ಮೇಲೆ ಬಗ್ಗಿದ ಅವಳ ನೆತ್ತಿಯನ್ನೇ ಹೆಚ್ಚು ಕಂಡವಳು ನಾನು. ತಿರುಗಿ ಬರುವಾಗ ದೂರದಿಂದಲೇ ಅವಳ ಮುಖ ಪೂರ್ತಿ ಕಂಡಿತು. ಗಾಳಿಗೆ ಎದುರಾಗಿ, ಬಿಸಿಲಿಗೆ ಎದುರಾಗಿ, ಕಣ್ಣು ಕಿರಿದು ಮಾಡಿಕೊಂಡು ಬರುತ್ತಿದ್ದಳು. ಇವಳು ನಮ್ಮ ಮನೆಯವಳೇನಾ ಅನ್ನಿಸಿತು. ನಾನು ಮೆಟ್ಟಿಲಿಂದ ಎದ್ದು ನಿಂತೆ.

“ನೋವೈತೆ ಅತ್ತೆ. ಆದ್ರೆ ಹೋಗ್ವಾಗ ಎಷ್ಟಿತ್ತೋ ಅಷ್ಟೇ, ಜಾಸ್ತಿ ಆಗಿಲ್ಲ. ಕೆರೆ ತುಂಬ ಹಕ್ಕಿ!” ಎಂದು ಏದುಸಿರು ಬಿಟ್ಟಳು. “ಅಣ್ಣಾ, ಹ್ಯಾಂಡಲ್ ಇನ್ನೊಂಚೂರು ಎತ್ತಿ ಕೊಡಿ. ಇದೇ ನಂದು.”

ಮನೆಗೆ ಬಂದಾಗ ನಲ್ಲಿಯಲ್ಲಿ ನೀರು ಬಿಟ್ಟಿದ್ದರು. ವಾಣಿ ಸೈಕಲನ್ನು ಗೋಡೆಗೆ ಒರಗಿಸಿ, ಕೊಡ ತೊಳೆದು ನಲ್ಲಿಗೆ ಹಿಡಿದಳು. ತುಂಬಿದ ಕೊಡಗಳನ್ನು ಅವಳಿಗೆ ಎತ್ತಲು ಬಿಡದೆ ಮುರಳಿಯೇ ಒಳಗೆ ಹೊತ್ತು ಹಾಕಿದ.